ಬರೆದದ್ದನ್ನು ಮಕ್ಕಳೇ ತಿದ್ದಿಕೊಳ್ಳಬೇಕು: ಕ್ಯಾಪಿಟಲ್, ಫುಲ್‌ಸ್ಟಾಪ್, ಕಾಮಾ (4 ಮತ್ತು 5ನೇ ತರಗತಿ)

ಸೀಮೆಸುಣ್ಣ
ಕನ್ನಡ ಮಾಧ್ಯಮದ 4–5ನೇ ತರಗತಿಗೆ ಕನ್ನಡ, ಇಂಗ್ಲಿಷ್ ಎರಡನ್ನೂ ಕಲಿಸುವವರು ದಯವಿಟ್ಟು ವಿವರವಾಗಿ ಬರೆಯಿರಿ. ನಿಯಮ ಕೇಳಿದರೆ ಮಕ್ಕಳು ಥಟ್ಟನೆ ಒಪ್ಪಿಸುತ್ತಾರೆ: ವಾಕ್ಯದ ಮೊದಲ ಅಕ್ಷರ ಕ್ಯಾಪಿಟಲ್, ಕೊನೆಗೆ ಫುಲ್‌ಸ್ಟಾಪ್. ತಾವೇ ಬರೆದ ಪುಟದಲ್ಲಿ ಮಾತ್ರ ಆ ತಪ್ಪು ಕಣ್ಣಿಗೆ ಬೀಳುವುದಿಲ್ಲ. ಕೆಂಪು ಪೆನ್ನಿನಲ್ಲಿ ತಿದ್ದಿ ಕೊಟ್ಟರೆ ತಿದ್ದಿದ್ದನ್ನು ನಕಲು ಮಾಡುತ್ತಾರೆ. ಮುಂದಿನ ಬರಹದಲ್ಲಿ ಮತ್ತೆ ಅದೇ ತಪ್ಪು.

ಎಲ್ಲರೂ ಒಂದೇ ಮಾದರಿ ಇಟ್ಟುಕೊಂಡು ಮಾತಾಡೋಣ ಎಂದು ಎರಡು ತುಣುಕು ಕೊಡುತ್ತಿದ್ದೇನೆ.

ಕನ್ನಡದ್ದು: ನಿನ್ನೆ ನಮ್ಮ ಊರಲ್ಲಿ ಜಾತ್ರೆ ಇತ್ತು ನಾವು ಎಲ್ಲರೂ ಹೋದೆವು ಅಲ್ಲಿ ಅಜ್ಜಿ ನಿನಗೆ ಏನು ಬೇಕು ಎಂದು ಕೇಳಿದಳು ನಾನು ಬೆಂಡು ಬತ್ತಾಸು ಬಳೆ ಬಲೂನು ಬೇಕು ಎಂದೆ

ಇಂಗ್ಲಿಷಿನದ್ದು, ಎಲ್ಲವೂ ಸ್ಮಾಲ್ ಲೆಟರಿನಲ್ಲೇ ಇದೆ ಎಂದುಕೊಳ್ಳಿ: ಅವರ್ ಸ್ಕೂಲ್ ಈಸ್ ಇನ್ ಹಾಸನ್ ಐ ಗೋ ಟು ಸ್ಕೂಲ್ ಬೈ ಬಸ್ ಆನ್ ಮಂಡೇ ವಿ ಹ್ಯಾವ್ ಡ್ರಿಲ್

ಹಸಿರು ಪೆನ್ನು
ಮೊದಲು ಕನ್ನಡದ ತುಣುಕನ್ನೇ ತಿದ್ದಿಸಿ ಮೇಡಂ, ಇಂಗ್ಲಿಷ್ ಆಮೇಲೆ. ಕಾರಣ ಇದೆ. ಕನ್ನಡದಲ್ಲಿ ಕ್ರಿಯಾಪದ ಸಾಮಾನ್ಯವಾಗಿ ವಾಕ್ಯದ ಕೊನೆಗೆ ಬರುತ್ತದೆ. ‘ಇತ್ತು’, ‘ಹೋದೆವು’, ‘ಕೇಳಿದಳು’, ‘ಎಂದೆ’: ಗಟ್ಟಿಯಾಗಿ ಓದಿದರೆ ವಾಕ್ಯ ಎಲ್ಲಿ ಮುಗಿಯಿತು ಎಂದು ಮಗುವಿನ ಕಿವಿಗೇ ಗೊತ್ತಾಗುತ್ತದೆ. ಆ ಮಾತಿನ ಮುಂದೆ ಒಂದು ಚುಕ್ಕಿ ಇಡಬೇಕು ಎನ್ನುವುದಷ್ಟೇ ಹೊಸ ಕೆಲಸ. ಇಂಗ್ಲಿಷಿನಲ್ಲಿ ಕ್ರಿಯಾಪದ ನಡುವೆ ಕೂತಿರುತ್ತದೆ. ‘ಗೋ’ ಆದ ಮೇಲೂ ‘ಟು ಸ್ಕೂಲ್’, ‘ಬೈ ಬಸ್’ ಎಂದು ಬರುತ್ತಲೇ ಇರುತ್ತವೆ. ಕನ್ನಡದ ಕಿವಿಗೆ ಅಲ್ಲಿ ನಿಲ್ಲುವ ಗುರುತು ಸಿಗುವುದಿಲ್ಲ. ಎರಡನ್ನೂ ಒಂದೇ ದಿನ ಒಂದೇ ನಿಯಮ ಹೇಳಿ ಕಲಿಸಿದರೆ ಮಗು ಎರಡರಲ್ಲೂ ಅಂದಾಜಿನ ಮೇಲೆ ಚುಕ್ಕಿ ಇಡುತ್ತದೆ.

ಎರಡನೆಯದು, ತಿದ್ದುವುದನ್ನು ಒಂದೇ ಏಟಿಗೆ ಮಾಡಿಸಬೇಡಿ. ‘ಎಲ್ಲ ತಪ್ಪು ಹುಡುಕು’ ಎಂದರೆ ಮಗು ಕಾಗುಣಿತದ ಒಂದೆರಡು ತಪ್ಪು ಹಿಡಿದು ‘ಆಯ್ತು ಟೀಚರ್’ ಎನ್ನುತ್ತದೆ. ಒಂದು ಸುತ್ತಿನಲ್ಲಿ ಒಂದೇ ಕೆಲಸ. ಇಂಗ್ಲಿಷಿಗೆ ಈ ಕ್ರಮ ಹಿಡಿಯಿರಿ.

ಮೊದಲ ಸುತ್ತು: ವಾಕ್ಯ ಎಲ್ಲಿ ಮುಗಿಯಿತು, ಅಷ್ಟೇ. ಬೇರೇನೂ ಮುಟ್ಟಬಾರದು.
ಎರಡನೇ ಸುತ್ತು: ಪ್ರತಿ ಫುಲ್‌ಸ್ಟಾಪಿನ ಮುಂದಿನ ಅಕ್ಷರಕ್ಕೆ ಸುತ್ತು ಹಾಕು, ಅದು ಕ್ಯಾಪಿಟಲ್ ಇದೆಯಾ ನೋಡು. ಪುಟದ ಮೊಟ್ಟಮೊದಲ ಅಕ್ಷರವನ್ನೂ ನೋಡು.
ಮೂರನೇ ಸುತ್ತು: ಹೆಸರುಗಳು, ವಾರ, ತಿಂಗಳು, ಮತ್ತು ‘ನಾನು’ ಎನ್ನುವ ಅರ್ಥದ ಒಂಟಿ ‘ಐ’.
ನಾಲ್ಕನೇ ಸುತ್ತು: ಇದರಲ್ಲಿ ಪ್ರಶ್ನೆ ಯಾವುದಾದರೂ ಇದೆಯಾ?

ಈ ಕ್ರಮವನ್ನು ಹಿಂದುಮುಂದು ಮಾಡಬಾರದು. ಫುಲ್‌ಸ್ಟಾಪ್ ಸರಿಯಾಗದೆ ಕ್ಯಾಪಿಟಲ್ ಹುಡುಕಿದರೆ ಎರಡನೇ ಸುತ್ತು ಪೂರ್ತಿ ವ್ಯರ್ಥ. ವಾಕ್ಯ ಎಲ್ಲಿ ಶುರುವಾಯಿತು ಎಂದೇ ಗೊತ್ತಿಲ್ಲದಾಗ ಯಾವ ಅಕ್ಷರವನ್ನು ದೊಡ್ಡದು ಮಾಡುವುದು?

ಬರಹ ಐದಾರು ವಾಕ್ಯ ಮೀರಬಾರದು. ಉದ್ದ ಬರೆದಿದ್ದರೆ ಮೊದಲ ಐದು ಸಾಲು ಮಾತ್ರ ತಿದ್ದಲಿ. ನಾಲ್ಕು ಸುತ್ತಿಗೆ ಒಟ್ಟು 12ರಿಂದ 15 ನಿಮಿಷ ಸಾಕು. 40 ನಿಮಿಷದ ಪೀರಿಯಡ್ಡಿನಲ್ಲಿ ಇದಕ್ಕಿಂತ ಹೆಚ್ಚು ಎಳೆದರೆ ಕಣ್ಣು ಸೋಲುತ್ತದೆ, ಇರುವ ತಪ್ಪೂ ಕಾಣುವುದಿಲ್ಲ.

ಧಾರವಾಡದ ಅಕ್ಕೋರು
ಹಸಿರು ಪೆನ್ನಿನವರು ಹೇಳಿದ್ದು ಖರೆ ಅದ. ಅದಕ್ಕೊಂದು ಸೇರಸ್ತೀನಿ. ಬರದ ದಿನಾನ ತಿದ್ದಸಬ್ಯಾಡ್ರಿ. ಹುಡುಗರಿಗೆ ತಾವು ಏನ್ ಬರದೀವಿ ಅಂತ ತಲ್ಯಾಗ ಇರ್ತದ, ಹಂಗಾಗಿ ಹಾಳಿ ಮ್ಯಾಲೆ ಇರೋದನ್ನ ಓದೂದಿಲ್ಲ, ತಲ್ಯಾಗಿಂದ ಓದ್ತಾವ. ಇಲ್ಲದ ಚುಕ್ಕಿ ಇದ್ದಂಗ ನಿಂತು ಓದ್ತಾವ. ಮರುದಿನ ಕೊಡ್ರಿ. ಅದರಾಗೂ ಬಾಜೂಕ ಕುಂತವರ ಕೈಗೆ ಕೊಟ್ಟು ಓದಸ್ರಿ. ಓದವ್ರಿಗೆ ಒಂದ ನಿಯಮ: ಚುಕ್ಕಿ ಇದ್ದಲ್ಲೆ ನಿಲ್ಲಬೇಕು, ಇಲ್ಲದಲ್ಲೆ ನಿಲ್ಲಬಾರದು. ಬರದವರು ಬೆರಳಿಟ್ಟು ಕೇಳಬೇಕು. ‘ಇತ್ತು ನಾವು ಎಲ್ಲರೂ ಹೋದೆವು ಅಲ್ಲಿ’ ಅಂತ ಒಂದ ಉಸುರಿನ್ಯಾಗ ಓದಿದ ಕೂಡ್ಲೆ ಬರದ ಹುಡುಗಿಗೇ ತಿಳೀತದ, ನಾವು ಹೇಳೂದ ಬೇಕಾಗಿಲ್ಲ.

ಬರಿಯೂವಾಗ ಒಂದು ಗೆರಿ ಬಿಟ್ಟು ಒಂದು ಗೆರಿ ಬರಸ್ರಿ. ತಿದ್ದಾಕ ಜಾಗಾ ಬೇಕಲ್ಲ. ಬರದದ್ದು ಪೆನ್ಸಿಲ್, ತಿದ್ದೂದು ಬ್ಯಾರೆ ಬಣ್ಣ. ರಬ್ಬರ್ ಮುಟ್ಟಂಗಿಲ್ಲ. ಅಳಿಸಿಬಿಟ್ರ ಹುಡುಗ ಏನ್ ಹಿಡದ, ಏನ್ ಬಿಟ್ಟ ಅಂತ ನಮಗ ತಿಳಿಯಂಗಿಲ್ಲ.

ಕರಾವಳಿ ಟೀಚರ್
ಗಟ್ಟಿಯಾಗಿ ಓದಿಸುವುದು ಫುಲ್‌ಸ್ಟಾಪಿಗೆ ಸರಿ. ಕಾಮಾಗೆ ಮಾತ್ರ ‘ಉಸಿರು ತೆಗೆದಲ್ಲಿ ಕಾಮಾ ಹಾಕು’ ಎಂದು ದಯವಿಟ್ಟು ಹೇಳಬೇಡಿ. ತಡವರಿಸಿ ಓದುವ ಮಗು ಪ್ರತಿ ಪದಕ್ಕೂ ನಿಲ್ಲುತ್ತದೆ, ಹಾಗಾಗಿ ಪ್ರತಿ ಪದಕ್ಕೂ ಕಾಮಾ ಬೀಳುತ್ತದೆ. ಸರಾಗವಾಗಿ ಓದುವ ಮಗು ನಿಲ್ಲುವುದೇ ಇಲ್ಲ, ಅದರ ಪುಟದಲ್ಲಿ ಒಂದೂ ಕಾಮಾ ಇರುವುದಿಲ್ಲ. 4ನೇ ತರಗತಿಗೆ ಕಾಮಾ ಎಂದರೆ ಪಟ್ಟಿ, ಅಷ್ಟು ಸಾಕು. ಮೂರು ಅಥವಾ ಹೆಚ್ಚು ವಸ್ತು ಸಾಲಾಗಿ ಬಂದಿದೆಯಾ? ಅವುಗಳ ನಡುವೆ ಹಾಕು.

ಕನ್ನಡದಲ್ಲಿ ಇನ್ನೊಂದು ಸೂಕ್ಷ್ಮ ಇದೆ. ‘ಅಕ್ಕನೂ ತಮ್ಮನೂ ಅಜ್ಜಿಯೂ ಬಂದರು’ ಎಂದು ‘ಊ’ ಹಚ್ಚಿದ್ದರೆ ಜೋಡಿಸುವ ಕೆಲಸವನ್ನು ಆ ‘ಊ’ ಮಾಡಿ ಆಯಿತು, ಕಾಮಾ ಇಲ್ಲದಿದ್ದರೂ ನಡೆಯುತ್ತದೆ. ‘ಅಕ್ಕ, ತಮ್ಮ ಮತ್ತು ಅಜ್ಜಿ’ ಎಂದಾಗ ‘ಮತ್ತು’ ಹಿಂದೆ ಬೇಡ.

ಸೀಮೆಸುಣ್ಣ
ಹಾಗಾದರೆ ‘ಬೆಂಡು ಬತ್ತಾಸು’ ಏನು ಮಾಡಬೇಕು? ಒಬ್ಬ ಹುಡುಗ ಅದರ ನಡುವೆ ಕಾಮಾ ಹಾಕಿದರೆ, ಇನ್ನೊಬ್ಬ ಬಿಟ್ಟರೆ?

ಕರಾವಳಿ ಟೀಚರ್
ಎರಡೂ ಸರಿ. ‘ಬೆಂಡು ಬತ್ತಾಸು’ ಜಾತ್ರೆಯ ಮಾತಿನಲ್ಲಿ ಜೋಡಿಯಾಗಿಯೇ ಬರುತ್ತದೆ, ಒಂದೇ ವಸ್ತು ಎಂದು ಎಣಿಸಿದರೆ ಪಟ್ಟಿಯಲ್ಲಿ ಮೂರು ವಸ್ತು, ಎರಡು ಕಾಮಾ. ಬೇರೆ ಬೇರೆ ಎಂದು ಎಣಿಸಿದರೆ ನಾಲ್ಕು ವಸ್ತು, ಮೂರು ಕಾಮಾ. ಮಗುವನ್ನು ಕೇಳಿ, ‘ಎಷ್ಟು ವಸ್ತು ಕೇಳಿದೆ?’ ಲೆಕ್ಕಕ್ಕೆ ಸರಿಯಾಗಿ ಕಾಮಾ ಇದ್ದರೆ ಒಪ್ಪಿಕೊಳ್ಳಿ. ಕಾಮಾ ಯಾಕೆ ಹಾಕಿದೆ ಎಂದು ಹೇಳಲು ಬರುವ ಮಗು ಕಲಿತಿದೆ ಎಂದೇ ಅರ್ಥ.

ನಾಲ್ಕು ಗೆರೆ
ಕ್ಯಾಪಿಟಲ್ ವಿಷಯದಲ್ಲಿ ಒಂದು ಮೂಲ ಕಾರಣವನ್ನು ಯಾರೂ ಹೇಳಲಿಲ್ಲ. ಕನ್ನಡದಲ್ಲಿ ದೊಡ್ಡಕ್ಷರ, ಸಣ್ಣಕ್ಷರ ಎಂಬ ಭೇದವೇ ಇಲ್ಲ. ಹಾಗಾಗಿ ಮಗು ಅದನ್ನು ಎರಡು ಬೇರೆ ಆಕಾರ ಎಂದು ಕಲಿಯುತ್ತದೆ. ‘ಎ’, ‘ಬಿ’, ‘ಡಿ’, ‘ಜಿ’ ತರಹದವುಗಳಲ್ಲಿ ಅದು ನಡೆಯುತ್ತದೆ. ಆದರೆ ಸಿ, ಓ, ಎಸ್, ವಿ, ಡಬ್ಲ್ಯು, ಎಕ್ಸ್, ಝಡ್ ಈ ಏಳರಲ್ಲಿ ಎರಡಕ್ಕೂ ಆಕಾರ ಒಂದೇ, ಅಳತೆ ಮಾತ್ರ ಬೇರೆ. ನಾಲ್ಕು ಗೆರೆ ಪುಸ್ತಕದಲ್ಲಿ ಕ್ಯಾಪಿಟಲ್ ಮೇಲಿನ ಕೆಂಪು ಗೆರೆಯಿಂದ ಕೆಳಗಿನ ನೀಲಿ ಗೆರೆವರೆಗೆ; ಸ್ಮಾಲ್ ಎರಡು ನೀಲಿ ಗೆರೆಗಳ ನಡುವೆ ಮಾತ್ರ. ಒಂದೇ ಗೆರೆಯ ಪುಸ್ತಕಕ್ಕೆ ಬಂದ ಕೂಡಲೇ ಆ ಆಸರೆ ಹೋಗುತ್ತದೆ. ‘ಸಂಡೇ’ ಎಂದು ಬರೆದ ಮಗು ಎಸ್ ಅನ್ನು ಯಾವ ಅಳತೆಯಲ್ಲಿ ಬರೆದಿದೆ ಎಂದು ಅದಕ್ಕೂ ಗೊತ್ತಿಲ್ಲ, ತಿದ್ದುವವರಿಗೂ ಗೊತ್ತಾಗುವುದಿಲ್ಲ. ಅದನ್ನು ವ್ಯಾಕರಣದ ತಪ್ಪು ಎಂದು ಅಂಕ ಕಳೆಯುವುದು ಅನ್ಯಾಯ.

‘ಕೆ’ ಇನ್ನೂ ಕಷ್ಟ. ಸ್ಮಾಲ್ ‘ಕೆ’ಯ ಕೋಲು ಕ್ಯಾಪಿಟಲ್ಲಿನಷ್ಟೇ ಎತ್ತರ. ವ್ಯತ್ಯಾಸ ಇರುವುದು ಕೈಗಳಲ್ಲಿ: ಸ್ಮಾಲ್‌ನಲ್ಲಿ ಕೈ ಎರಡು ನೀಲಿ ಗೆರೆಗಳ ಒಳಗೇ ಉಳಿಯಬೇಕು. ‘ಪಿ’ಯಲ್ಲಿ ಸ್ಮಾಲ್ ಕೆಳಗಿನ ಕೆಂಪು ಗೆರೆಗೆ ಇಳಿಯುತ್ತದೆ, ಕ್ಯಾಪಿಟಲ್ ಇಳಿಯುವುದಿಲ್ಲ. ತಿದ್ದುವ ಪಾಠಕ್ಕೆ ಮೊದಲು ವಾರಕ್ಕೆರಡು ದಿನ ಐದೈದು ನಿಮಿಷ ಈ ಒಂಬತ್ತು ಅಕ್ಷರಗಳನ್ನಷ್ಟೇ ಜೋಡಿ ಜೋಡಿಯಾಗಿ ಬರೆಸಿ. 5ನೇ ತರಗತಿಯಲ್ಲಿದ್ದರೂ ಪರವಾಗಿಲ್ಲ, ಇಂಗ್ಲಿಷ್ ಬರಹವನ್ನು ನಾಲ್ಕು ಗೆರೆಯಲ್ಲೇ ಬರೆಸಿ.

ಹಸಿರು ಪೆನ್ನು
ಇದು ತುಂಬಾ ಮುಖ್ಯವಾದ ಮಾತು. ಇದರ ಇನ್ನೊಂದು ಮಗ್ಗುಲು: ಬೇಡದ ಕಡೆ ಕ್ಯಾಪಿಟಲ್. ‘ಮ್ಯಾಂಗೋ’, ‘ಡಾಗ್’, ‘ಬಸ್’ ಎಲ್ಲದರ ಮೊದಲ ಅಕ್ಷರವೂ ದೊಡ್ಡದು. ಮಗುವಿನ ತಪ್ಪಲ್ಲ. ಗೋಡೆಯ ‘ಎ ಫಾರ್ ಆ್ಯಪಲ್’ ಚಾರ್ಟಿನಲ್ಲಿ ಪ್ರತಿ ವಸ್ತುವಿನ ಹೆಸರೂ ಕ್ಯಾಪಿಟಲ್ಲಿನಿಂದ ಶುರು. ಅಂಗಡಿ ಬೋರ್ಡು, ಬಸ್ಸಿನ ಬೋರ್ಡು ಪೂರ್ತಿ ಕ್ಯಾಪಿಟಲ್. ಎಷ್ಟೋ ಕಡೆ ಕರಿಹಲಗೆಯ ಮೇಲೆ ಪಾಠದ ಹೆಸರೂ ಹಾಗೇ. ಮಗು ನೋಡಿದ್ದನ್ನೇ ಬರೆಯುತ್ತದೆ.

ಇದಕ್ಕೆ ಜೋಡಿ ಕಾರ್ಡು ಮಾಡಿ. ಹತ್ತು ಜೋಡಿ ಸಾಕು: ನದಿ–ಕಾವೇರಿ, ಊರು–ಹಾಸನ, ಹಬ್ಬ–ದೀಪಾವಳಿ, ವಾರ–ಮಂಡೇ, ತಿಂಗಳು–ಜೂನ್, ಭಾಷೆ–ಕನ್ನಡ, ಹೀಗೆ, ಎಲ್ಲವೂ ಇಂಗ್ಲಿಷ್ ಅಕ್ಷರದಲ್ಲಿ. ಎಡಗಡೆಯದು ಗುಂಪಿಗೆಲ್ಲ ಸೇರಿದ ಹೆಸರು, ಸ್ಮಾಲ್. ಬಲಗಡೆಯದು ಅದೊಂದಕ್ಕೇ ಇಟ್ಟ ಹೆಸರು, ಕ್ಯಾಪಿಟಲ್. ರೂಢನಾಮ, ಅಂಕಿತನಾಮ ಎಂದು ಕನ್ನಡ ವ್ಯಾಕರಣದಲ್ಲಿ ಕಲಿಯುವುದನ್ನೇ ಇಲ್ಲಿ ಬಳಸಿಕೊಳ್ಳಬಹುದು, ಹೊಸದಾಗಿ ಏನೂ ಕಲಿಸಬೇಕಿಲ್ಲ. ಎಚ್ಚರ ಒಂದೇ: ‘ಸಮ್ಮರ್’, ‘ವಿಂಟರ್’ ಋತುಗಳಿಗೆ ಕ್ಯಾಪಿಟಲ್ ಇಲ್ಲ. ತಿಂಗಳಿನ ಜೊತೆಗೇ ಕಲಿಸಿದರೆ ಮಕ್ಕಳು ಅದಕ್ಕೂ ಹಾಕುತ್ತಾರೆ.

ಕ್ಲಸ್ಟರ್ ಸಂಪನ್ಮೂಲ
ಸಾಲಿನ ಕೊನೆಗೆಲ್ಲ ಫುಲ್‌ಸ್ಟಾಪ್ ಹಾಕುವ ಮಕ್ಕಳ ಬಗ್ಗೆಯೂ ಬರೆಯಬೇಕು. ಬಹಳ ಶಾಲೆಗಳ ನೋಟ್‌ಬುಕ್ಕುಗಳಲ್ಲಿ ಇದು ಕಾಣುತ್ತದೆ. ಗೆರೆ ಮುಗಿದಲ್ಲಿ ಚುಕ್ಕಿ, ಮುಂದಿನ ಗೆರೆಯ ಮೊದಲಿಗೆ ಕ್ಯಾಪಿಟಲ್, ವಾಕ್ಯ ಮಾತ್ರ ಇನ್ನೂ ಮುಗಿದಿಲ್ಲ. 1ರಿಂದ 3ರವರೆಗೆ ಓದಿಗೆ ಕೊಡುವ ಕಾರ್ಡು, ಪುಟಗಳಲ್ಲಿ ಒಂದು ವಾಕ್ಯಕ್ಕೆ ಒಂದು ಸಾಲು ಇರುವುದೇ ಹೆಚ್ಚು. ಪದ್ಯದಲ್ಲಂತೂ ಇಂಗ್ಲಿಷಿನ ಪ್ರತಿ ಸಾಲೂ ಸಾಮಾನ್ಯವಾಗಿ ಕ್ಯಾಪಿಟಲ್ಲಿನಿಂದ ಶುರು. ಹಾಗಾಗಿ ಸಾಲು ಎಂದರೆ ವಾಕ್ಯ ಎಂದು ಮಗು ಅರ್ಥ ಮಾಡಿಕೊಂಡಿರುತ್ತದೆ. 3ನೇ ತರಗತಿಯಿಂದಲೇ ಕರಿಹಲಗೆಯ ಮೇಲೆ ವಾಕ್ಯವನ್ನು ಸಾಲಿನ ನಡುವೆ ಮುಗಿಸಿ, ಅಲ್ಲೇ ಮುಂದಿನದನ್ನು ಶುರು ಮಾಡಿ, ಕೆಳಗಿನ ಸಾಲಿಗೆ ಹರಿಸಿ. ಒಂದೊಂದು ವಾಕ್ಯದ ಕೆಳಗೆ ಒಂದೊಂದು ಬಣ್ಣದ ಸೀಮೆಸುಣ್ಣದಲ್ಲಿ ಗೀಟೆಳೆದರೆ ಸಾಲೂ ವಾಕ್ಯವೂ ಬೇರೆ ಎಂದು ಕಣ್ಣಿಗೆ ಕಾಣುತ್ತದೆ. ಇಂಥ ಮಗುವಿಗೆ ತಿದ್ದುವಾಗ ‘ಚುಕ್ಕಿ ಎಲ್ಲಿ ಬೇಕು’ ಎಂದಲ್ಲ, ‘ಯಾವ ಚುಕ್ಕಿ ಬೇಡ’ ಎಂದು ಕೇಳಬೇಕು.

ಪಾಠದ ಆರಂಭದಲ್ಲಿ ದಿನವೂ ತಪ್ಪು ವಾಕ್ಯ ಬರೆದು ತಿದ್ದಿಸುವ ಅಭ್ಯಾಸ ಹಲವರಿಗಿದೆ. ಅದು ಒಳ್ಳೆಯದು ಎಂದೇ ನನ್ನ ಅಭಿಪ್ರಾಯ, ಇಡೀ ತರಗತಿಯನ್ನು ಐದು ನಿಮಿಷದಲ್ಲಿ ಒಟ್ಟಿಗೆ ತೊಡಗಿಸಬಹುದು.

ನಾಲ್ಕು ಗೆರೆ
ಸರ್, ಇಲ್ಲಿ ನನ್ನ ಒಪ್ಪಿಗೆ ಇಲ್ಲ. ಇಂಗ್ಲಿಷನ್ನು ಶಾಲೆಯಲ್ಲಿ ಮಾತ್ರ ನೋಡುವ ಮಗುವಿಗೆ ಕರಿಹಲಗೆಯ ಮೇಲೆ ಇರುವುದೇ ಪ್ರಮಾಣ. ತಪ್ಪು ವಾಕ್ಯ ಅಲ್ಲಿ ಹತ್ತು ನಿಮಿಷ ನಿಂತರೆ ಅರ್ಧ ಮಕ್ಕಳು ಅದನ್ನೇ ಪುಸ್ತಕಕ್ಕೆ ಇಳಿಸಿಕೊಂಡಿರುತ್ತಾರೆ. ಅದೂ ಅಲ್ಲದೆ ಟೀಚರ್ ಬೇಕೆಂದೇ ಮಾಡಿದ ತಪ್ಪು ಹಿಡಿಯುವುದಕ್ಕೂ ತಾನು ತಿಳಿಯದೆ ಮಾಡಿದ ತಪ್ಪು ಹಿಡಿಯುವುದಕ್ಕೂ ಬಹಳ ಅಂತರ. ಸರಿಯಾದ ಒಂದು ವಾಕ್ಯ ಬರೆದು ‘ಏನೇನು ಕಾಣುತ್ತದೆ?’ ಎಂದು ಕೇಳಿ. ‘ಮಂಡೇ ದೊಡ್ಡ ಎಂ, ಡ್ರಿಲ್ ಸಣ್ಣ ಡಿ’ ಎಂದು ಅವರೇ ಹೇಳಲಿ. ಅದೇ ಅಚ್ಚಿನಲ್ಲಿ ತಮ್ಮದೊಂದು ವಾಕ್ಯ ಬರೆಯಲಿ. ಆಮೇಲೆ ತಮ್ಮ ಹಳೆಯ ಪುಟ ತೆಗೆದು ಅಂಥ ಒಂದು ಜಾಗ ಹುಡುಕಿ ತಿದ್ದಲಿ.

ಕ್ಲಸ್ಟರ್ ಸಂಪನ್ಮೂಲ
ಇಂಗ್ಲಿಷಿಗೆ ನಿಮ್ಮ ವಾದ ಒಪ್ಪುತ್ತೇನೆ ಮೇಡಂ. ಕನ್ನಡಕ್ಕೆ ಒಪ್ಪುವುದಿಲ್ಲ. ಮನೆಮಾತಿನಲ್ಲಿ ಚಿಹ್ನೆಯೇ ಇಲ್ಲದ ತುಣುಕು ಕೊಟ್ಟರೆ ಮಗುವಿಗೆ ನಷ್ಟವಿಲ್ಲ, ಸರಿಯಾದ ವಾಕ್ಯ ಅದರ ಬಾಯಲ್ಲೇ ಇದೆ. ಮೇಲಿನ ಜಾತ್ರೆಯ ತುಣುಕು ಹಾಗೆ ಬಳಸಲು ಯೋಗ್ಯ.

ಸೀಮೆಸುಣ್ಣ
ಉದ್ಧರಣ ಚಿಹ್ನೆಯ ಬಗ್ಗೆ ಹೇಳಿ. ‘ನಿನಗೆ ಏನು ಬೇಕು ಎಂದು ಕೇಳಿದಳು’ ಇದರಲ್ಲಿ ಪ್ರಶ್ನಾರ್ಥಕ ಚಿಹ್ನೆಯನ್ನು ಎಲ್ಲರೂ ‘ಕೇಳಿದಳು’ ಆದ ಮೇಲೆ ಹಾಕುತ್ತಾರೆ.

ಧಾರವಾಡದ ಅಕ್ಕೋರು
‘ಎಂದು’, ‘ಅಂತ’, ‘ಎಂದಳು’, ‘ಎಂದೆ’ ಇವನ್ನ ಮೊದಲ ಹುಡುಕಿ ಚೌಕ ಹಾಕಸ್ರಿ. ಮಾತು ಮುಗಿಯೂದು ಆ ಚೌಕದ ಹಿಂದ. ಮುಚ್ಚೂ ಚಿಹ್ನೆ ಅಲ್ಲೇ. ಆಮ್ಯಾಲೆ ಎಡಕ್ಕ ಹೋಗಿ ಯಾರು ಮಾತಾಡಿದ್ರು ಹುಡುಕಬೇಕು: ಅಜ್ಜಿ. ಅಜ್ಜಿ ಆದಮ್ಯಾಲೆ ಕಾಮಾ, ತೆರಿಯೂ ಚಿಹ್ನೆ. ಈಗ ಒಳಗ ಇರೋದನ್ನಷ್ಟ ಓದಸ್ರಿ. ‘ನಿನಗೆ ಏನು ಬೇಕು’. ಇದು ಪ್ರಶ್ನೆ ಹೌದೋ ಅಲ್ಲೋ? ಹೌದು. ಹಂಗಾರ ಪ್ರಶ್ನೆ ಚಿಹ್ನೆ ಒಳಗ. ಹೊರಗಿನ ವಾಕ್ಯ ಏನ್ ಹೇಳ್ತದ? ಅಜ್ಜಿ ಕೇಳಿದಳು ಅಂತ ತಿಳಸ್ತದ. ಅದಕ್ಕ ಪೂರ್ಣವಿರಾಮ.

ಅಜ್ಜಿ, “ನಿನಗೆ ಏನು ಬೇಕು?” ಎಂದು ಕೇಳಿದಳು.

ಆದ್ರ ‘ಎಂದು’ ಕಂಡಲ್ಲೆಲ್ಲಾ ಉದ್ಧರಣ ಅಲ್ಲ. ‘ಮಗುವಿಗೆ ಕಾವೇರಿ ಎಂದು ಹೆಸರಿಟ್ಟರು’ ಇದಕ್ಕ ಬ್ಯಾಡ. ‘ಅಜ್ಜಿ ನನಗೆ ಏನು ಬೇಕು ಎಂದು ಕೇಳಿದಳು’, ಇಲ್ಲಿ ‘ನನಗೆ’ ಅನ್ನಾಕಿ ಬರಿಯೂ ಹುಡುಗಿ, ಅಜ್ಜಿ ಅಲ್ಲ, ಇದಕ್ಕೂ ಬ್ಯಾಡ. ‘ಈ ನಾನು, ನೀನು ಯಾರ ಬಾಯಿಂದ ಬಂತು?’ ಅಂತ ಕೇಳಿದ್ರ ಸಾಕು. ಪ್ರಶ್ನೆ ಚಿಹ್ನಿಗೂ ಒಂದು ಮೋಸ ಹೋಗೂ ಜಾಗಾ ಅದ: ‘ಅವನು ಎಲ್ಲಿ ಹೋದನೋ ಗೊತ್ತಿಲ್ಲ’. ‘ಎಲ್ಲಿ’ ನೋಡಿ ಹುಡುಗರು ಪ್ರಶ್ನೆ ಹಾಕ್ತಾರ. ಅದು ಯಾರನ್ನೂ ಕೇಳಿದ್ದಲ್ಲ, ಚುಕ್ಕಿ ಸಾಕು.

ಕಡಲಾಚೆಯ ಕನ್ನಡಿಗ
ಅಮೆರಿಕದ ಶಾಲೆಗಳ ಪದ್ಧತಿಯನ್ನು ಇಲ್ಲಿ ಹೇಳಿದರೆ ಉಪಯೋಗವಾಗಬಹುದು. 2010ರಲ್ಲಿ ಬಂದ ಕಾಮನ್ ಕೋರ್ ಮಾನದಂಡದಲ್ಲಿ (ಯಾವ ತರಗತಿಯಲ್ಲಿ ಏನು ಕಲಿಯಬೇಕು ಎಂಬ ಪಟ್ಟಿ) ಇವನ್ನು ವರ್ಷವಾರು ಹಂಚಿದ್ದಾರೆ. ಕಿಂಡರ್‌ಗಾರ್ಟನ್‌ನಲ್ಲಿ ವಾಕ್ಯದ ಮೊದಲ ಪದ ಮತ್ತು ‘ಐ’, ಜೊತೆಗೆ ಕೊನೆಯ ಚಿಹ್ನೆಗಳ ಹೆಸರು. 1ನೇ ತರಗತಿಯಲ್ಲಿ ತಾರೀಕು, ವ್ಯಕ್ತಿಗಳ ಹೆಸರು, ವಾಕ್ಯದ ಕೊನೆಯ ಚಿಹ್ನೆ, ಪಟ್ಟಿಯ ಕಾಮಾ. 2ರಲ್ಲಿ ಹಬ್ಬ, ಸ್ಥಳದ ಹೆಸರು, ಪತ್ರದ ಕಾಮಾ, ಅಪಾಸ್ಟ್ರಫಿ. ಸಂಭಾಷಣೆಯ ಉದ್ಧರಣ ಚಿಹ್ನೆ ಬರುವುದು 3ಕ್ಕೆ. ಇಂಗ್ಲಿಷ್ ಮನೆಮಾತಾದ ಮಕ್ಕಳಿಗೇ ನಾಲ್ಕು ವರ್ಷ ಕೊಟ್ಟಿದ್ದಾರೆ. ಹಾಗಿರುವಾಗ ಕನ್ನಡ ಮಾಧ್ಯಮದ ಮಗುವಿಗೆ ಎಲ್ಲವನ್ನೂ ಒಂದೇ ವ್ಯಾಕರಣ ಪಾಠದಲ್ಲಿ ತುಂಬಬಾರದು.

ತಿದ್ದುವ ಗುರುತುಗಳನ್ನೂ ಕಲಿಸುತ್ತಾರೆ. ಕ್ಯಾಪಿಟಲ್ ಬೇಕಾದ ಅಕ್ಷರದ ಕೆಳಗೆ ಮೂರು ಅಡ್ಡಗೆರೆ. ಸ್ಮಾಲ್ ಆಗಬೇಕಾದ ಅಕ್ಷರದ ಮೇಲೆ ಒಂದು ಓರೆಗೆರೆ. ಫುಲ್‌ಸ್ಟಾಪ್ ಸೇರಿಸಿದರೆ ಆ ಚುಕ್ಕಿಗೆ ಸಣ್ಣ ಸುತ್ತು, ಇಲ್ಲವಾದರೆ ಅದು ಕಾಣುವುದಿಲ್ಲ. ಪ್ರಾಥಮಿಕ ಹಂತಕ್ಕೆ ಈ ಮೂರು ಸಾಕು.

ಅಲ್ಲಿನ ವರ್ಕ್‌ಶೀಟುಗಳನ್ನು ಇಳಿಸಿಕೊಂಡು ಬಳಸುವವರು ಎರಡು ಕಡೆ ಜೋಪಾನ. ಅಲ್ಲಿ ತಿಂಗಳು ಮೊದಲು, ತಾರೀಕು ಆಮೇಲೆ, ಅದರ ಮುಂದೆ ಕಾಮಾ, ನಂತರ ಇಸವಿ. ನಾವು ‘5 ಜೂನ್ 2024’ ಎಂದು ಬರೆಯುವಾಗ ಆ ಕಾಮಾಗೆ ಜಾಗವೇ ಇಲ್ಲ. ಪಟ್ಟಿಯಲ್ಲಿ ‘ಆ್ಯಂಡ್’ ಹಿಂದೆಯೂ ಅಲ್ಲಿ ಸಾಮಾನ್ಯವಾಗಿ ಕಾಮಾ ಹಾಕಿಸುತ್ತಾರೆ; ನಮ್ಮ ಶಾಲೆಗಳಲ್ಲಿ ಬಿಡುವುದೇ ರೂಢಿ. ಯಾವುದಾದರೂ ಒಂದನ್ನು ಇಡೀ ಶಾಲೆ ಹಿಡಿಯಲಿ.

ಸೀಮೆಸುಣ್ಣ
ಇಂಗ್ಲಿಷ್ ತುಣುಕಿನ ಮೊದಲ ಸುತ್ತು ಹೇಗೆ ಮಾಡಿಸುವುದು? ಕಿವಿ ಕೆಲಸಕ್ಕೆ ಬರುವುದಿಲ್ಲ ಎಂದಿರಿ.

ಹಸಿರು ಪೆನ್ನು
ಕಿವಿಯ ಬದಲು ಕ್ರಿಯಾಪದ. ಪ್ರತಿ ಕ್ರಿಯಾಪದಕ್ಕೆ ಸುತ್ತು ಹಾಕಿಸಿ: ‘ಈಸ್’, ‘ಗೋ’, ‘ಹ್ಯಾವ್’. ಸಹಾಯಕ ಕ್ರಿಯಾಪದ ಇದ್ದರೆ ಎರಡೂ ಸೇರಿ ಒಂದೇ ಸುತ್ತು. ಸುತ್ತಿನ ಹಿಂದೆ ‘ಯಾರು?’ ಎಂದು ಕೇಳಿ ಅದಕ್ಕೆ ಗೀಟು: ‘ಅವರ್ ಸ್ಕೂಲ್’, ‘ಐ’, ‘ವಿ’. ಮೂರು ಸುತ್ತು, ಮೂರು ಗೀಟು, ಅಂದರೆ ಮೂರು ವಾಕ್ಯ. ಎರಡು ಸುತ್ತುಗಳ ನಡುವೆ ‘ಆ್ಯಂಡ್’, ‘ಬಟ್’, ‘ಬಿಕಾಸ್’ ತರಹದ ಜೋಡಿಸುವ ಪದ ಇಲ್ಲದಿದ್ದರೆ ಅಲ್ಲೊಂದು ಫುಲ್‌ಸ್ಟಾಪ್ ತಪ್ಪಿಹೋಗಿದೆ. 4–5ನೇ ತರಗತಿಯ ಸರಳ ವಾಕ್ಯಗಳಿಗೆ ಈ ಪರೀಕ್ಷೆ ಚೆನ್ನಾಗಿ ಹೊಂದುತ್ತದೆ.

ಈಗ ‘ಆನ್ ಮಂಡೇ’ ನೋಡಿ. ಅದು ಎತ್ತ ಸೇರಬೇಕು? ‘ಬೈ ಬಸ್’ ಆದಮೇಲೆ ಚುಕ್ಕಿ ಇಟ್ಟರೆ ಸೋಮವಾರ ಡ್ರಿಲ್. ‘ಮಂಡೇ’ ಆದಮೇಲೆ ಇಟ್ಟರೆ ಸೋಮವಾರ ಬಸ್ಸಿನಲ್ಲಿ ಹೋಗುವುದು. ಬರೆದ ಮಗುವನ್ನೇ ಕನ್ನಡದಲ್ಲಿ ಕೇಳಿ, ‘ಸೋಮವಾರ ಏನು?’ ಅರ್ಥ ಗೊತ್ತಿರುವುದು ಅದಕ್ಕೆ ಮಾತ್ರ. ಚುಕ್ಕಿಯಿಂದ ಅರ್ಥವೇ ಬದಲಾಗುತ್ತದೆ ಎಂದು ತೋರಿಸಲು ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಡ, ಎರಡನ್ನೂ ಕರಿಹಲಗೆಯ ಮೇಲೆ ಅಕ್ಕಪಕ್ಕ ಬರೆಯಿರಿ. ಎರಡು ಓದಿನಲ್ಲೂ ಫುಲ್‌ಸ್ಟಾಪ್ ಮೂರು, ಕ್ಯಾಪಿಟಲ್ ಐದು.

ಬಹುವರ್ಗ ಶಾಲೆ
ಇಷ್ಟೆಲ್ಲ ಸರಿ, ಆದರೆ ಒಬ್ಬರೇ ಶಿಕ್ಷಕರು ಎರಡು ಮೂರು ತರಗತಿ ಒಟ್ಟಿಗೆ ನೋಡುವ ಕಡೆ ಪ್ರತಿ ಪುಸ್ತಕದ ಪಕ್ಕ ಕೂರಲು ಆಗುವುದಿಲ್ಲ. ಗುರುತಿಸುವುದು, ಅಂಕ ಕೊಡುವುದು ಹೇಗೆ?

ನಾಲ್ಕು ಗೆರೆ
ತಪ್ಪನ್ನು ನೀವು ತಿದ್ದಬೇಡಿ, ತಪ್ಪಿರುವ ಸಾಲನ್ನು ಮಾತ್ರ ತೋರಿಸಿ. ಅಂಚಿನಲ್ಲಿ ಒಂದು ತಪ್ಪಿಗೆ ಒಂದು ಗೀಟು. ಸಾಲಿನಲ್ಲಿ ಎರಡಿದ್ದರೆ ಎರಡು ಗೀಟು. ಎಲ್ಲಿ, ಏನು ಎಂದು ಮಗು ಹುಡುಕಲಿ. ಪುಸ್ತಕವೊಂದಕ್ಕೆ ಒಂದು ನಿಮಿಷ ಸಾಕಾಗುತ್ತದೆ. ಆ ವಾರ ಯಾವುದನ್ನು ಕಲಿಸುತ್ತಿದ್ದೀರೋ ಅದಕ್ಕೆ ಮಾತ್ರ ಗೀಟು. ಫುಲ್‌ಸ್ಟಾಪಿನ ವಾರ ಕಾಗುಣಿತ ಕಣ್ಣಿಗೆ ಬಿದ್ದರೂ ಬಿಡಿ. ಹೆಚ್ಚು ಗೀಟು ಕಂಡ ಮಗು ಹುಡುಕುವುದನ್ನೇ ನಿಲ್ಲಿಸುತ್ತದೆ, ಐದಕ್ಕಿಂತ ಹೆಚ್ಚು ಹಾಕಬೇಡಿ.

ಅಂಕದ ಬದಲು ಎರಡು ಸಂಖ್ಯೆ ಬರೆಯಿರಿ: ತಿದ್ದುವ ಮೊದಲು ಬೇಕಾದ ಜಾಗದಲ್ಲಿ ಇದ್ದದ್ದು ಎಷ್ಟು, ತಿದ್ದಿದ ಮೇಲೆ ಎಷ್ಟು. ಇಂಗ್ಲಿಷ್ ತುಣುಕಿನಲ್ಲಿ ಬೇಕಾದದ್ದು ಒಟ್ಟು ಎಂಟು. ಮೊದಲು ಎರಡಿದ್ದು ತಿದ್ದಿದ ಮೇಲೆ ಆರಾಗಿದ್ದರೆ ಆ ಮಗು ತಿದ್ದಲು ಕಲಿಯುತ್ತಿದೆ. ಮೊದಲೇ ಆರಿದ್ದು ತಿದ್ದಿದ ಮೇಲೂ ಆರೇ ಇದ್ದರೆ ಚೆನ್ನಾಗಿ ಬರೆಯುತ್ತದೆ, ತಿದ್ದಲು ಬರುವುದಿಲ್ಲ. ಇಬ್ಬರಿಗೂ ಬೇರೆ ಸಹಾಯ ಬೇಕು, ಆದರೆ ಒಂದೇ ಅಂಕ ಕೊಟ್ಟರೆ ಅದು ಮುಚ್ಚಿಹೋಗುತ್ತದೆ. ಬೇಡದ ಕಡೆ ಹಾಕಿದ್ದನ್ನು ಪಕ್ಕದಲ್ಲಿ ಬೇರೆಯಾಗಿ ಎಣಿಸಿ, ಇಲ್ಲದಿದ್ದರೆ ಎಲ್ಲ ಕಡೆ ಚುಕ್ಕಿ ಇಟ್ಟ ಮಗುವಿಗೆ ಪೂರ್ತಿ ಲೆಕ್ಕ ಸಿಗುತ್ತದೆ.

ಬಹುವರ್ಗ ಶಾಲೆ
ಜೋಡಿ ಮಾಡುವಾಗ ಚುರುಕಿನವರನ್ನು ನಿಧಾನದವರ ಜೊತೆ ಕೂರಿಸಬೇಕೇ?

ಧಾರವಾಡದ ಅಕ್ಕೋರು
ಓದಿ ಕೇಳಸೂದಕ್ಕ ಹಂಗ ಕೂಡಸ್ರಿ. ತಿದ್ದೂದಕ್ಕ ಬ್ಯಾಡ್ರಿ, ಚುರುಕಿದ್ದಾಕಿ ಪೆನ್ನ ಕಸಗೊಂಡು ತಾನ ತಿದ್ದಿ ಕೊಡ್ತಾಳ. ಪೆನ್ನು ಯಾವಾಗ್ಲೂ ಬರದವರ ಕೈಯಾಗ ಇರಬೇಕು. ಬಾಜೂದವರು ‘ಈ ಗೆರಿಯಾಗ ಏನೋ ಐತಿ’ ಅಂತ ಬೆರಳು ತೋರಸಬೌದು, ಅಷ್ಟ.